ಮೊಂಟಾ ವಿಸ್ಟಾ ವ್ಯಾಪ್ತಿಯಲ್ಲೇ ಮನೆ ಮಾಡಬೇಕಾ?

ಪ್ರಶ್ನೆ: ನಾವು ದಾವಣಗೆರೆ ಕಡೆಯವರು. ಆರು ವರ್ಷದಿಂದ ಕ್ಯಾಲಿಫೋರ್ನಿಯಾದ ಸಾಂತಾ ಕ್ಲಾರಾದಲ್ಲಿ ಬಾಡಿಗೆ ಮನೆಯಲ್ಲಿದ್ದೇವೆ. ಮಗಳು ಏಳನೇ ಕ್ಲಾಸ್. ಹೈಸ್ಕೂಲ್ ಹೊತ್ತಿಗೆ ಕ್ಯುಪರ್ಟಿನೊ ಕಡೆ ಹೋಗಲೇಬೇಕು, ಅದೂ ಮೊಂಟಾ ವಿಸ್ಟಾ ಇಲ್ಲಾ ಲಿನ್‌ಬ್ರೂಕ್ ಶಾಲೆಯ ವ್ಯಾಪ್ತಿಯಲ್ಲೇ ಮನೆ ಮಾಡಬೇಕು ಅಂತ ಸ್ನೇಹಿತರೆಲ್ಲ ಹೇಳುತ್ತಾರೆ. "ಸ್ಟೀವ್ ಜಾಬ್ಸ್ ಓದಿದ ಡಿಸ್ಟ್ರಿಕ್ಟ್ ಅದು" ಅಂತಾರೆ. ಅಲ್ಲಿನ ಬಾಡಿಗೆ ಕೇಳಿದರೆ ಎದೆ ಧಸಕ್ ಅನ್ನುತ್ತದೆ. ನಮ್ಮವರ ಸಂಬಳ ಒಂದರಲ್ಲೇ ಮನೆ ನಡೆಯಬೇಕು. ಹೋಗದಿದ್ದರೆ ಮಗಳಿಗೆ ಅನ್ಯಾಯ ಮಾಡಿದ ಹಾಗಾಗುತ್ತಾ? ಅಲ್ಲಿ ಓದಿ ಹೊರಬಂದವರು ನಿಜವಾಗಿ ಏನಾಗಿದ್ದಾರೆ?

ಉತ್ತರ: ಮೊದಲು ನಿಮ್ಮ ಭಯಕ್ಕೆ ಉತ್ತರ ಹೇಳಿಬಿಡುತ್ತೇನೆ, ಕಾರಣ ಆಮೇಲೆ. ಅನ್ಯಾಯ ಏನೂ ಆಗುವುದಿಲ್ಲ. ಇಲ್ಲಿ ಡಿಸ್ಟ್ರಿಕ್ಟ್ ಅಂದರೆ ಜಿಲ್ಲೆ ಅಲ್ಲ, ಒಂದು ಪ್ರದೇಶದ ಸರ್ಕಾರಿ ಶಾಲೆಗಳನ್ನು ನಡೆಸುವ ಸಂಸ್ಥೆ. ಒಂದು ಡಿಸ್ಟ್ರಿಕ್ಟಿಗೂ ಇನ್ನೊಂದಕ್ಕೂ ನಡುವಿನ ಗಡಿ ಎಲ್ಲಿದೆ, ಅದರಿಂದ ಏನು ಬದಲಾಗುತ್ತದೆ ಅಂತ ತಿಳಿದುಕೊಳ್ಳುವುದು ಒಳ್ಳೆಯದು. ಆದರೆ ಒಂದೇ ಡಿಸ್ಟ್ರಿಕ್ಟಿನ ಒಳಗೆ ಈ ಬೀದಿ ಈ ಶಾಲೆಗೆ, ಆ ಬೀದಿ ಆ ಶಾಲೆಗೆ ಅಂತ ಎಳೆದ ಗೆರೆ ಇದೆಯಲ್ಲ, ಅದಕ್ಕೋಸ್ಕರ ತಿಂಗಳು ತಿಂಗಳು ಹೊಟ್ಟೆ ಬಟ್ಟೆ ಕಟ್ಟಿ ದುಡ್ಡು ಸುರಿಯಬೇಡಿ. ಇಲ್ಲಿನ ಕನ್ನಡದ ಮನೆಗಳ ಮಕ್ಕಳಿಗೆ ಹೈಸ್ಕೂಲು, ಕಾಲೇಜು ಆಯ್ಕೆಯಲ್ಲಿ ಇಪ್ಪತ್ತು ವರ್ಷದಿಂದ ಸಲಹೆ ಕೊಡುತ್ತಾ ಬಂದಿದ್ದೇನೆ. ನನ್ನ ಇಬ್ಬರು ಮಕ್ಕಳೂ ಇದೇ ಡಿಸ್ಟ್ರಿಕ್ಟಿನಲ್ಲಿ ಓದಿದವರು. ಈ ಒಂದು ಪ್ರಶ್ನೆಗೆ ನಾನು ಎಷ್ಟು ಸಲ ಉತ್ತರ ಕೊಟ್ಟಿದ್ದೇನೋ ಲೆಕ್ಕವಿಲ್ಲ. ಬರೆದು ಇಟ್ಟರೆ ನಾಲ್ಕು ಜನರಿಗೆ ಅನುಕೂಲ ಆಗಲಿ ಅಂತ ಈ ಸಲ ಉದ್ದವಾಗಿ ಬರೆಯುತ್ತಿದ್ದೇನೆ.

ನೀವು ಹೇಳುತ್ತಿರುವುದು ಫ್ರೀಮಾಂಟ್ ಯೂನಿಯನ್ ಹೈಸ್ಕೂಲ್ ಡಿಸ್ಟ್ರಿಕ್ಟ್. ಹೆಸರಿನಲ್ಲೇ ಒಂದು ಗೊಂದಲ ಇದೆ. ಕೊಲ್ಲಿಯ ಆಚೆ ದಡದಲ್ಲಿ ಫ್ರೀಮಾಂಟ್ ಅಂತ ಒಂದು ಊರೇ ಇದೆ. ನಮ್ಮವರು ಅಲ್ಲಿ ತುಂಬಾ ಜನ ಇದ್ದಾರೆ. ಆ ಊರಿನ ಶಾಲೆಗಳು ಫ್ರೀಮಾಂಟ್ ಯೂನಿಫೈಡ್ ಅನ್ನುವ ಬೇರೆಯೇ ಡಿಸ್ಟ್ರಿಕ್ಟಿಗೆ ಸೇರಿದವು. ಕೌಂಟಿಯೂ ಬೇರೆ. ಜಾನ್ ಫ್ರೀಮಾಂಟ್ ಅನ್ನುವ 19ನೇ ಶತಮಾನದ ಅನ್ವೇಷಕನ ಹೆಸರು ಎರಡಕ್ಕೂ ಬಂದಿದೆ, ಅಷ್ಟೇ. ಬೆಂಗಳೂರಿನಿಂದ ಹೊರಡುವ ಮೊದಲೇ ಫೋನಿನಲ್ಲಿ ಹುಡುಕಿ, ಕ್ಯುಪರ್ಟಿನೊ ಶಾಲೆ ಸಿಗುತ್ತದೆ ಅಂದುಕೊಂಡು ಫ್ರೀಮಾಂಟ್ ಊರಿನಲ್ಲಿ ಮುಂಗಡ ಕಟ್ಟಿದ ಕುಟುಂಬ ನನಗೆ ಗೊತ್ತು. ಬಂದ ಮೇಲೆ ಗಂಡ ಹೆಂಡತಿ ಇಬ್ಬರೂ ವಾರಗಟ್ಟಲೆ ಪೇಚಾಡಿದರು. ಆಮೇಲೆ ಮಗ ಆ ಊರಿನ ಶಾಲೆಯಲ್ಲೇ ಚೆನ್ನಾಗಿ ಓದಿದ, ಆ ಮಾತು ಬೇರೆ.

ನಮ್ಮ ಡಿಸ್ಟ್ರಿಕ್ಟ್ ಶುರುವಾದದ್ದು 1923ರಲ್ಲಿ, ಕ್ಯುಪರ್ಟಿನೊ ಪಕ್ಕದ ಸನಿವೇಲ್ ಊರಿನ ಒಂದೇ ಒಂದು ಹೈಸ್ಕೂಲಿನಿಂದ. ಇವತ್ತಿನ ಫ್ರೀಮಾಂಟ್ ಹೈಸ್ಕೂಲ್ ಅದೇ. ಆಗ ಈ ಕಣಿವೆಯ ತುಂಬಾ ಹಣ್ಣಿನ ತೋಟಗಳು: ಏಪ್ರಿಕಾಟ್, ಪ್ಲಮ್, ಚೆರ್ರಿ. 1956ರಲ್ಲಿ ವಿಮಾನ, ಕ್ಷಿಪಣಿ ಮಾಡುವ ಲಾಕ್‌ಹೀಡ್ ಕಂಪನಿ ಸನಿವೇಲ್‌ಗೆ ಬಂತು. ಎಂಜಿನಿಯರುಗಳು ಬಂದರು, ತೋಟ ಕಡಿದು ಬಡಾವಣೆ ಮಾಡಿದರು, ಮಕ್ಕಳು ಹೆಚ್ಚಿದರು. ಶಾಲೆಗಳು ಒಂದರ ಹಿಂದೆ ಒಂದು ಎದ್ದವು. 1956ರಲ್ಲಿ ಸನಿವೇಲ್ ಹೈಸ್ಕೂಲ್, 1958ರಲ್ಲಿ ಕ್ಯುಪರ್ಟಿನೊ, 1962ರಲ್ಲಿ ಹೋಮ್‌ಸ್ಟೆಡ್, 1965ರಲ್ಲಿ ಲಿನ್‌ಬ್ರೂಕ್, 1969ರಲ್ಲಿ ಮೊಂಟಾ ವಿಸ್ಟಾ. ಆಮೇಲೆ ಮಕ್ಕಳ ಸಂಖ್ಯೆ ಇಳಿಯಿತು. 1981ರಲ್ಲಿ ಸನಿವೇಲ್ ಹೈಸ್ಕೂಲನ್ನು ಮುಚ್ಚಿಬಿಟ್ಟರು. ಅದರ ಕಟ್ಟಡದಲ್ಲಿ ಈಗ ಒಂದು ಖಾಸಗಿ ಶಾಲೆ ನಡೆಯುತ್ತಿದೆ. ಉಳಿದ ಐದೇ ಇವತ್ತಿಗೂ ಇರುವುದು. ಐದೂ ಸೇರಿ ಮಕ್ಕಳು ಒಂಬತ್ತು ಹತ್ತು ಸಾವಿರದ ಆಸುಪಾಸು.

ಆ ಮುಚ್ಚಿದ ಶಾಲೆಯ ಒಂದು ಪ್ರಸಂಗ ಹೇಳಲೇಬೇಕು. ನಮ್ಮ ಪಕ್ಕದ ಮನೆಯಲ್ಲಿ ಮೊದಲು ಒಬ್ಬ ಅಮೆರಿಕನ್ ಹೆಂಗಸು ಇದ್ದರು. ಎಪ್ಪತ್ತರ ದಶಕದಲ್ಲಿ ಸನಿವೇಲ್ ಹೈಸ್ಕೂಲಿನಲ್ಲಿ ಓದಿದವರು. ಅರವತ್ತು ದಾಟಿದ ಮೇಲೆ ಅವರಿಗೆ ಕಾಲೇಜು ಸೇರುವ ಮನಸ್ಸಾಯಿತು. ಹೈಸ್ಕೂಲಿನ ಮಾರ್ಕ್ಸ್ ಕಾರ್ಡ್ ಬೇಕು. ಶಾಲೆಯೇ ಇಲ್ಲವಲ್ಲ, ಯಾರನ್ನು ಕೇಳುವುದು ಅಂತ ನನ್ನ ಹತ್ತಿರ ಬಂದರು. ಡಿಸ್ಟ್ರಿಕ್ಟ್ ಆಫೀಸಿಗೆ ಬರೆಯಿರಿ ಅಂದೆ. ಕೆಲವು ದಿನದಲ್ಲೇ ಒಂದು ಹಾಳೆ ಬಂತು. ಟೈಪ್‌ರೈಟರಿನಲ್ಲಿ ಹೊಡೆದದ್ದು, ಅಕ್ಷರಗಳು ಮೇಲೆ ಕೆಳಗೆ. ಹೊಲಿಗೆ ಕ್ಲಾಸಿನ ದರ್ಜೆ, ಬಯಾಲಜಿಯ ದರ್ಜೆ, ಎಷ್ಟು ದಿನ ಗೈರುಹಾಜರಿ, ಎಲ್ಲ ಇತ್ತು. ಅವರು ಅದನ್ನು ನಮ್ಮ ಅಡುಗೆಮನೆಯ ಟೇಬಲ್ ಮೇಲೆ ಹರಡಿಕೊಂಡು ಎಷ್ಟೋ ಹೊತ್ತು ಸುಮ್ಮನೆ ಕೂತಿದ್ದರು. ಕ್ಯಾಲಿಫೋರ್ನಿಯಾದಲ್ಲಿ ವಿದ್ಯಾರ್ಥಿಯ ಮೂಲ ದಾಖಲೆಯನ್ನು ಡಿಸ್ಟ್ರಿಕ್ಟ್ ಶಾಶ್ವತವಾಗಿ ಇಟ್ಟುಕೊಳ್ಳಬೇಕು ಅಂತ ನಿಯಮವಿದೆ. ಹಳೆಯ ವಿದ್ಯಾರ್ಥಿಗೆ ಮೊದಲ ಎರಡು ಪ್ರತಿಗೆ ದುಡ್ಡು ತೆಗೆದುಕೊಳ್ಳುವ ಹಾಗಿಲ್ಲ. ಇಲ್ಲಿ ಓದಿ ಈಗ ಬೆಂಗಳೂರು, ಮೈಸೂರಿಗೆ ವಾಪಸ್ ಹೋದವರು ಟ್ರಾನ್ಸ್‌ಕ್ರಿಪ್ಟಿಗೆ ಒದ್ದಾಡುತ್ತಾ ನನಗೆ ಬರೆಯುತ್ತಾರೆ. ಅವರಿಗೂ ಇದೇ ದಾರಿ.

ಈಗ ದುಡ್ಡಿನ ವಿಷಯ. ಇದು ಗೊತ್ತಾದರೆ ಅರ್ಧ ಗೊಂದಲ ಬಗೆಹರಿಯುತ್ತದೆ.

ನಮ್ಮಲ್ಲಿ ಬಿಇಓ, ಡಿಡಿಪಿಐ, ಮೇಲೆ ಬೆಂಗಳೂರಿನ ಇಲಾಖೆ ಅಂತ ಇರುತ್ತದಲ್ಲ, ಇಲ್ಲಿ ಹಾಗಲ್ಲ. ಪ್ರತಿ ಸ್ಕೂಲ್ ಡಿಸ್ಟ್ರಿಕ್ಟ್ ತನ್ನಷ್ಟಕ್ಕೆ ಒಂದು ಚಿಕ್ಕ ಸರ್ಕಾರ. ಅದರ ಮಂಡಳಿಯನ್ನು ಆ ಪ್ರದೇಶದ ಮತದಾರರು ಆರಿಸುತ್ತಾರೆ; ಫ್ರೀಮಾಂಟ್ ಯೂನಿಯನ್‌ನದು ಐದು ಜನರ ಮಂಡಳಿ. ಮೇಷ್ಟ್ರುಗಳ ನೇಮಕ, ಸಂಬಳ, ಕಟ್ಟಡ ಎಲ್ಲ ಆ ಮಂಡಳಿಯದೇ. ನಮ್ಮ ಡಿಸ್ಟ್ರಿಕ್ಟ್ 9ರಿಂದ 12ನೇ ಕ್ಲಾಸಿನದು ಮಾತ್ರ. ಅದಕ್ಕಿಂತ ಕೆಳಗಿನ ಕ್ಲಾಸುಗಳನ್ನು ಕ್ಯುಪರ್ಟಿನೊ ಯೂನಿಯನ್, ಸನಿವೇಲ್ ಅನ್ನುವ ಬೇರೆ ಡಿಸ್ಟ್ರಿಕ್ಟುಗಳು ನಡೆಸುತ್ತವೆ. ಹೆಸರಿನಲ್ಲಿ ಯೂನಿಯನ್ ಅಂತ ಇರುವುದು ಇದಕ್ಕೇ. ಹಿಂದೆ ಚಿಕ್ಕ ಚಿಕ್ಕ ಪ್ರಾಥಮಿಕ ಡಿಸ್ಟ್ರಿಕ್ಟುಗಳು ಸೇರಿಕೊಂಡು ಎಲ್ಲರಿಗೂ ಒಂದು ಹೈಸ್ಕೂಲ್ ಮಾಡಿಕೊಳ್ಳುತ್ತಿದ್ದವು.

ಕ್ಯಾಲಿಫೋರ್ನಿಯಾದ ಹೆಚ್ಚಿನ ಡಿಸ್ಟ್ರಿಕ್ಟುಗಳಿಗೆ ಮಗುವಿಗೆ ಇಷ್ಟು ಅಂತ ರಾಜ್ಯ ಲೆಕ್ಕ ಹಾಕುತ್ತದೆ. ಊರಿನ ಆಸ್ತಿ ತೆರಿಗೆ ಅಷ್ಟು ಮುಟ್ಟದಿದ್ದರೆ ಉಳಿದದ್ದನ್ನು ರಾಜ್ಯ ತುಂಬುತ್ತದೆ. ಆದರೆ ಕೆಲವು ಕಡೆ ಆಸ್ತಿ ತೆರಿಗೆಯೇ ಆ ಲೆಕ್ಕವನ್ನು ಮೀರಿ ಬರುತ್ತದೆ. ಮೀರಿದ್ದು ಆ ಡಿಸ್ಟ್ರಿಕ್ಟಿಗೇ ಉಳಿಯುತ್ತದೆ. ಇಂಥದ್ದನ್ನು ಇಲ್ಲಿ ಬೇಸಿಕ್ ಏಡ್ ಡಿಸ್ಟ್ರಿಕ್ಟ್ ಅನ್ನುತ್ತಾರೆ. ಫ್ರೀಮಾಂಟ್ ಯೂನಿಯನ್ ಅಂಥದ್ದು. ಮನೆಗಳ ಬೆಲೆ ನಿಮಗೆ ಗೊತ್ತೇ ಇದೆ. ಕಂಪನಿಗಳ ಕಟ್ಟಡಗಳು ಬೇರೆ. 1978ರಲ್ಲಿ ಬಂದ ಪ್ರೊಪೊಸಿಷನ್ 13 ಅನ್ನುವ ಕಾನೂನಿನಿಂದ ಹಳೆಯ ಮಾಲೀಕರಿಗೆ ತೆರಿಗೆಗೆ ಹಿಡಿಯುವ ಆಸ್ತಿ ಬೆಲೆ ವರ್ಷಕ್ಕೆ ಶೇ 2ಕ್ಕಿಂತ ಜಾಸ್ತಿ ಏರುವುದಿಲ್ಲ. ಆದರೆ ಮನೆ ಮಾರಾಟ ಆದ ಕೂಡಲೇ ಹೊಸ ಬೆಲೆಯ ಮೇಲೆ ತೆರಿಗೆ. ಇದರ ಜೊತೆಗೆ ಪ್ರತಿ ಆಸ್ತಿಗೆ ವರ್ಷಕ್ಕೆ 98 ಡಾಲರ್ ಬೇರೆ ತೆರಿಗೆಯನ್ನೂ ಇಲ್ಲಿನ ಜನ ತಾವೇ ಮತ ಹಾಕಿ ಒಪ್ಪಿಕೊಂಡಿದ್ದಾರೆ. ಅದು ಪಾಸಾಗಲು ಮೂರನೇ ಎರಡು ಭಾಗ ಮತ ಬೇಕು. ತಮ್ಮ ಮಕ್ಕಳು ಓದಿ ಮುಗಿಸಿ ಎಷ್ಟೋ ವರ್ಷ ಆದವರೂ ಹೌದು ಅಂತ ಮತ ಹಾಕುತ್ತಾರೆ. ನಾನೂ ಹಾಕಿದ್ದೇನೆ.

ಇಲ್ಲೇ ಒಂದು ವಿಚಿತ್ರ ನೋಡಿ. ಅದೇ ಮನೆ, ಅದೇ ಬೀದಿ, ಆದರೆ ಕೆಳಗಿನ ಕ್ಲಾಸುಗಳ ಕ್ಯುಪರ್ಟಿನೊ ಯೂನಿಯನ್ ದುಡ್ಡಿಗೆ ಪರದಾಡುತ್ತಿತ್ತು. ಮಕ್ಕಳೂ ಕಡಿಮೆಯಾದರು. 2022ರಲ್ಲಿ ರೆಗ್ನಾರ್ಟ್, ಮೇಯರ್‌ಹೋಲ್ಜ್ ಅನ್ನುವ ಎರಡು ಪ್ರಾಥಮಿಕ ಶಾಲೆಗಳನ್ನು ಮುಚ್ಚಬೇಕಾಯಿತು. ದುಬಾರಿ ಊರು ಅಂದ ಮಾತ್ರಕ್ಕೆ ಶಾಲೆಯ ಗಲ್ಲಾಪೆಟ್ಟಿಗೆ ತುಂಬಿರುತ್ತದೆ ಅಂತಲ್ಲ. ಯಾವ ಡಿಸ್ಟ್ರಿಕ್ಟ್ ಅಂತ ನೋಡಬೇಕು.

ಇನ್ನು ನಿಮಗೆ ಬೇಕಾದ ಮಾತು. ಈ ದುಡ್ಡು ಐದೂ ಹೈಸ್ಕೂಲುಗಳಿಗೆ ಒಂದೇ ಗಂಟಿನಿಂದ ಹೋಗುತ್ತದೆ. ಮೊಂಟಾ ವಿಸ್ಟಾದ ಫಿಸಿಕ್ಸ್ ಮೇಷ್ಟ್ರಿಗೂ ಫ್ರೀಮಾಂಟ್ ಹೈಸ್ಕೂಲಿನ ಫಿಸಿಕ್ಸ್ ಮೇಷ್ಟ್ರಿಗೂ ಸಂಬಳದ ಪಟ್ಟಿ ಒಂದೇ. ಮಂಡಳಿ ಒಂದೇ. ಪಾಸಾಗುವ ನಿಯಮ ಒಂದೇ. ಹಾಗಾದರೆ ಸರಾಸರಿ ಅಂಕದಲ್ಲಿ ಯಾಕಿಷ್ಟು ವ್ಯತ್ಯಾಸ? ಮನೆಗಳು ಬೇರೆ. ಒಂದು ಶಾಲೆಯ ಸುತ್ತ ಅಪ್ಪ ಅಮ್ಮ ಇಬ್ಬರೂ ಎಂಜಿನಿಯರ್ ಆಗಿರುವ ಮನೆಗಳು ಜಾಸ್ತಿ. ಫ್ರೀಮಾಂಟ್ ಹೈಸ್ಕೂಲಿನ ಸುತ್ತ ಹೋಟೆಲು, ತೋಟದ ಕೆಲಸ, ಕಟ್ಟಡ ಕೆಲಸ ಮಾಡುವವರ ಮನೆಗಳೂ ಇವೆ. ಮನೆಯಲ್ಲಿ ಸ್ಪ್ಯಾನಿಷ್ ಮಾತಾಡಿ, ಶಾಲೆಯಲ್ಲಿ ಇಂಗ್ಲಿಷ್ ಕಲಿಯುವ ಮಕ್ಕಳಿದ್ದಾರೆ. ಆನ್‌ಲೈನ್‌ನಲ್ಲಿ ಹತ್ತಕ್ಕೆ ಇಷ್ಟು ಅಂತ ಕೊಡುವ ರೇಟಿಂಗ್ ಅಳೆಯುವುದು ಬಹುಪಾಲು ಈ ವ್ಯತ್ಯಾಸವನ್ನೇ. ನಿಮ್ಮ ಮಗಳು ಯಾವ ಶಾಲೆಗೆ ಹೋದರೂ ನಿಮ್ಮ ಮನೆಯಿಂದಲೇ ಹೋಗುತ್ತಾಳೆ, ಅಲ್ವಾ?

ಸ್ಟೀವ್ ಜಾಬ್ಸ್ ವಿಷಯಕ್ಕೆ ಬರೋಣ. ಅವರು ಓದಿದ್ದು ಮೊಂಟಾ ವಿಸ್ಟಾದಲ್ಲೂ ಅಲ್ಲ, ಲಿನ್‌ಬ್ರೂಕ್‌ನಲ್ಲೂ ಅಲ್ಲ. ಹೋಮ್‌ಸ್ಟೆಡ್‌ನಲ್ಲಿ. ಮುಗಿಸಿದ್ದು 1972ರಲ್ಲಿ. ಆದರೆ ಅವರ ಕಥೆಯಲ್ಲಿ ನಿಮಗೆ ಬೇಕಾದದ್ದು ಬೇರೆ ಇದೆ. ಅವರೂ ಏಳನೇ ಕ್ಲಾಸಿನಲ್ಲಿದ್ದಾಗಲೇ ಮನೆಯಲ್ಲಿ ಈ ಪ್ರಶ್ನೆ ಎದ್ದಿತ್ತು. ಆಗ ಮನೆ ಮೌಂಟನ್ ವ್ಯೂನಲ್ಲಿ. ಅಲ್ಲಿನ ಶಾಲೆಯಲ್ಲಿ ಹೊಡೆದಾಟ, ಕಾಟ. ಇನ್ನು ಆ ಶಾಲೆಗೆ ಹೋಗುವುದೇ ಇಲ್ಲ ಅಂತ ಹುಡುಗ ಹಟ ಹಿಡಿದ. ಅಪ್ಪ ಮೆಷಿನ್ ಕೆಲಸದವರು, ಕಾಲೇಜು ಮೆಟ್ಟಿಲು ಹತ್ತಿದವರಲ್ಲ. ಕೂಡಿಟ್ಟದ್ದೆಲ್ಲ ಸೇರಿಸಿ 21,000 ಡಾಲರಿಗೆ ಕೆಲವೇ ಮೈಲಿ ಆಚೆ ಒಂದು ಮನೆ ಕೊಂಡರು. ವಿಳಾಸ ಲಾಸ್ ಆಲ್ಟೋಸ್ ಊರಿನದು, ಆದರೆ ಆ ಮೂಲೆ ಕ್ಯುಪರ್ಟಿನೊ ಶಾಲೆಗಳ ಗಡಿಯೊಳಗೆ. ಮುಂದೆ ಆಪಲ್ ಶುರುವಾದ ಗ್ಯಾರೇಜ್ ಆ ಮನೆಯದೇ.

ಹಾಗಾಗಿ ಶಾಲೆಗೋಸ್ಕರ ಮನೆ ಬದಲಿಸುವುದೇ ತಪ್ಪು ಅಂತ ನಾನು ಹೇಳಲಾರೆ. ಆ ಅಪ್ಪ ಅಮ್ಮ ಓಡಿದ್ದು ಮಗುವಿಗೆ ಕಾಟ ಕೊಡುತ್ತಿದ್ದ ಜಾಗದಿಂದ. ರೇಟಿಂಗ್ 8 ಇದ್ದಲ್ಲಿಂದ 10 ಇರುವ ಕಡೆಗಲ್ಲ. ನಿಮ್ಮ ಮಗಳಿಗೆ ಈಗಿನ ಶಾಲೆಯಲ್ಲಿ ಅಂಥ ತೊಂದರೆ ಏನಾದರೂ ಇದ್ದರೆ ಮಾತು ಬೇರೆ. ಪತ್ರದಲ್ಲಿ ಹಾಗೇನೂ ಕಾಣಲಿಲ್ಲ.

ಹೋಮ್‌ಸ್ಟೆಡ್ ಆ ಹುಡುಗರಿಗೆ ಕೊಟ್ಟದ್ದು ಏನು ಅಂತಲೂ ನೋಡಬೇಕು. ಅಲ್ಲಿ ಜಾನ್ ಮೆಕಾಲಮ್ ಅಂತ ಎಲೆಕ್ಟ್ರಾನಿಕ್ಸ್ ಮೇಷ್ಟ್ರು ಇದ್ದರು. ಹಿಂದೆ ನೌಕಾಪಡೆಯಲ್ಲಿ ಪೈಲಟ್ ಆಗಿದ್ದವರು. ಶಿಸ್ತಿನ ಮನುಷ್ಯ. ಕ್ಲಾಸಿನ ಪಕ್ಕದ ಕೋಣೆಯ ತುಂಬಾ ಟ್ರಾನ್ಸಿಸ್ಟರು, ಬಿಡಿಭಾಗ. ಮುಂದೆ ಜಾಬ್ಸ್ ಜೊತೆ ಸೇರಿ ಆಪಲ್ ಕಟ್ಟಿದ, 1968ರಲ್ಲಿ ಶಾಲೆ ಮುಗಿಸಿದ ಸ್ಟೀವ್ ವೋಜ್ನಿಯಾಕ್ ಈ ಮೇಷ್ಟ್ರ ಅಚ್ಚುಮೆಚ್ಚಿನ ಶಿಷ್ಯ. ಈ ಹುಡುಗನಿಗೆ ಶಾಲೆಯಲ್ಲಿ ಕಲಿಸುವುದು ಇನ್ನೇನೂ ಉಳಿದಿಲ್ಲ ಅಂತ ಮೇಷ್ಟ್ರಿಗೆ ಗೊತ್ತಾಯಿತು. ಶಾಲೆಯಲ್ಲಿ ಕಂಪ್ಯೂಟರ್ ಇರಲಿಲ್ಲ. ಸನಿವೇಲ್‌ನ ಸಿಲ್ವೇನಿಯಾ ಕಂಪನಿಯಲ್ಲಿತ್ತು. ಮೇಷ್ಟ್ರು ಅಲ್ಲಿಯವರ ಜೊತೆ ಮಾತಾಡಿ, ವಾರಕ್ಕೊಂದು ದಿನ ಹುಡುಗ ಅಲ್ಲಿಗೆ ಹೋಗಿ ಪ್ರೋಗ್ರಾಮ್ ಬರೆಯುವ ಹಾಗೆ ಏರ್ಪಾಟು ಮಾಡಿದರು. ಹದಿನೇಳು ವರ್ಷದ ಹುಡುಗ, ಯಾವುದೋ ಕಂಪನಿಯ ಕಂಪ್ಯೂಟರ್ ಮುಂದೆ! ಆ ಒಂದು ಮಾತುಕತೆ ಏನೆಲ್ಲ ಮಾಡಿತು ನೋಡಿ.

ಜಾಬ್ಸ್‌ಗೆ ಅದೇ ಮೇಷ್ಟ್ರು ಅಷ್ಟಾಗಿ ಹಿಡಿಸಲಿಲ್ಲ. ಒಂದೇ ವರ್ಷ ಕೂತು ಆ ಕ್ಲಾಸ್ ಬಿಟ್ಟರು. ಒಂದೇ ಶಾಲೆ, ಒಂದೇ ಮೇಷ್ಟ್ರು, ಇಬ್ಬರು ಮಕ್ಕಳಿಗೆ ಎರಡು ರೀತಿ. ತುಂಬಾ ಜನ ಅಂದುಕೊಂಡ ಹಾಗೆ ಇಬ್ಬರು ಸ್ಟೀವ್‌ಗಳು ಶಾಲೆಯಲ್ಲಿ ಜೊತೆಗಾರರೂ ಅಲ್ಲ. ನಾಲ್ಕು ವರ್ಷದ ಅಂತರ. ಇಬ್ಬರನ್ನೂ ಸೇರಿಸಿದ್ದು ಬಿಲ್ ಫರ್ನಾಂಡಿಸ್ ಅನ್ನುವ ಇನ್ನೊಬ್ಬ ಹೋಮ್‌ಸ್ಟೆಡ್ ಹುಡುಗ. ಜಾಬ್ಸ್‌ನ ಗೆಳೆಯ, ವೋಜ್ನಿಯಾಕ್‌ನ ಬೀದಿಯವನು. ಮುಂದೆ ಆಪಲ್‌ನ ಮೊದಲ ನೌಕರರಲ್ಲಿ ಒಬ್ಬ. ಆ ಬೀದಿಯ ತುಂಬಾ ಗ್ಯಾರೇಜಿನಲ್ಲಿ ಏನಾದರೂ ಬಿಚ್ಚಿ ಜೋಡಿಸುವ ಎಂಜಿನಿಯರುಗಳಿದ್ದರು. ಶಾಲೆಯಷ್ಟೇ ಆ ನೆರೆಹೊರೆಯೂ ಕಲಿಸಿತು.

ಈಗ ಯಾರೂ ಕೇಳದ ಶಾಲೆಗೆ ಬರೋಣ. ಫ್ರೀಮಾಂಟ್ ಹೈಸ್ಕೂಲ್. ಅದರ ವ್ಯಾಪ್ತಿ ಅಂದರೆ ನಮ್ಮವರು ಮೂಗು ಮುರಿಯುತ್ತಾರೆ. ನನಗೆ ಇದು ನಿಜಕ್ಕೂ ಬೇಸರದ ಸಂಗತಿ. 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್ ನಡೆಸಿ, ನಷ್ಟದ ಬದಲು ಲಾಭ ತೋರಿಸಿದ ಪೀಟರ್ ಯುಬರಾತ್ ಅಲ್ಲಿ 1955ರಲ್ಲಿ ಓದು ಮುಗಿಸಿದವರು. ಅಲ್ಲಿಂದ ಸ್ಯಾನ್ ಹೊಸೆ ಸ್ಟೇಟ್ ಕಾಲೇಜು, ಅದೂ ಸರ್ಕಾರಿ. ನಟಿ ಟೆರಿ ಹ್ಯಾಚರ್ ಕೂಡ ಆ ಶಾಲೆಯವರೇ. ಶಾಲೆ ಮುಗಿಸಿ ಪಕ್ಕದ ಡಿ ಆನ್ಜಾ ಕಾಲೇಜಿನಲ್ಲಿ ಗಣಿತ, ಎಂಜಿನಿಯರಿಂಗ್ ಓದಿದರು.

ಡಿ ಆನ್ಜಾ ಹೆಸರು ಗುರುತು ಹಾಕಿಟ್ಟುಕೊಳ್ಳಿ. 1967ರಲ್ಲಿ ಕ್ಯುಪರ್ಟಿನೊದಲ್ಲಿ ಶುರುವಾದ ಎರಡು ವರ್ಷದ ಕಮ್ಯುನಿಟಿ ಕಾಲೇಜು. ವೋಜ್ನಿಯಾಕ್ ಕೂಡ ದೂರದ ಕೊಲರಾಡೊದಲ್ಲಿ ಒಂದು ವರ್ಷ ಓದಿ ವಾಪಸ್ ಬಂದು, ಡಿ ಆನ್ಜಾದಲ್ಲಿ ಓದಿ, ಆಮೇಲೆ ಬರ್ಕ್ಲಿಗೆ ಹೋದವರು. ಕಮ್ಯುನಿಟಿ ಕಾಲೇಜು ಅಂದ ಕೂಡಲೇ ನಮ್ಮ ಮನೆಗಳಲ್ಲಿ ಮುಖ ಸಣ್ಣದಾಗುತ್ತದೆ, ಗೊತ್ತು. ಆದರೆ ಅಲ್ಲಿ ಎರಡು ವರ್ಷ ಓದಿ ಬೇಕಾದ ದರ್ಜೆ ತೆಗೆದರೆ ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾದ ಆರು ಕ್ಯಾಂಪಸ್‌ಗಳಲ್ಲಿ ಒಂದಕ್ಕೆ ಮೊದಲೇ ಖಾತ್ರಿ ಮಾಡಿಕೊಳ್ಳಬಹುದು: ಡೇವಿಸ್, ಅರ್ವೈನ್, ಮರ್ಸೆಡ್, ರಿವರ್‌ಸೈಡ್, ಸಾಂತಾ ಬಾರ್ಬರಾ, ಸಾಂತಾ ಕ್ರೂಜ್. ಬರ್ಕ್ಲಿ, ಲಾಸ್ ಏಂಜಲೀಸ್, ಸ್ಯಾನ್ ಡಿಯಾಗೊ ಈ ಖಾತ್ರಿ ಕೊಡುವುದಿಲ್ಲ. ಆದರೂ ಅಲ್ಲಿಗೂ ವರ್ಗಾವಣೆಗೆ ಅರ್ಜಿ ಹಾಕಬಹುದು. ನಾನು ಸಲಹೆ ಕೊಟ್ಟ ಮಕ್ಕಳಲ್ಲಿ ಹೀಗೆ ಹೋಗಿ ನೆಮ್ಮದಿಯಾಗಿ ಓದಿದವರು ಕಡಿಮೆಯೇನಿಲ್ಲ. ಎರಡು ವರ್ಷದ ಫೀಸಿನಲ್ಲಿ ಉಳಿಯುವ ದುಡ್ಡು ಚಿಕ್ಕದಲ್ಲ. ನಿಮ್ಮ ಹಾಗೆ ಒಂದೇ ಸಂಬಳದ ಮನೆಗೆ ಇದು ದೊಡ್ಡ ಮಾತು.

ಕಾಲೇಜು ಪ್ರವೇಶದ ಲೆಕ್ಕ ಇನ್ನೊಂದಿದೆ. ಮನೆ ತೋರಿಸುವ ಏಜೆಂಟ್ ಇದನ್ನು ಹೇಳುವುದಿಲ್ಲ. ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ ಈಗ ಕಾಲೇಜು ಪ್ರವೇಶಕ್ಕೆ ಬರೆಯುವ ಎಸ್‌ಎಟಿ ಪರೀಕ್ಷೆಯ ಅಂಕವನ್ನು ನೋಡುವುದೇ ಇಲ್ಲ. 10 ಮತ್ತು 11ನೇ ಕ್ಲಾಸಿನ ದರ್ಜೆಗಳಿಂದ ಜಿಪಿಎ, ಅಂದರೆ ಸರಾಸರಿ ದರ್ಜೆ, ಲೆಕ್ಕ ಹಾಕುತ್ತದೆ. ಎಪಿ ಅನ್ನುವ ಕಾಲೇಜು ಮಟ್ಟದ ಕೋರ್ಸಿನಂಥ ಕಷ್ಟದ ಕೋರ್ಸಿಗೆ ಹೆಚ್ಚುವರಿ ಅಂಕ ಕೊಡುತ್ತದೆ, ಅದೂ ಎಂಟು ಸೆಮಿಸ್ಟರಿಗೆ ಮಾತ್ರ. ಹನ್ನೆರಡು ಎಪಿ ಮಾಡಿದ್ದೇನೆ ಅಂದರೂ ಆ ಜಿಪಿಎ ಲೆಕ್ಕದಲ್ಲಿ ಹೆಚ್ಚುವರಿ ಅಂಕ ಎಂಟು ಸೆಮಿಸ್ಟರಿನ ಮೇಲೆ ಏರುವುದಿಲ್ಲ. ಜೊತೆಗೆ ಪ್ರತಿ ಹೈಸ್ಕೂಲಿನ ಮೇಲಿನ ಶೇ 9ರಷ್ಟು ಮಕ್ಕಳನ್ನು ಬೇರೆಯಾಗಿ ಗುರುತಿಸುತ್ತದೆ. ಅವರವರ ಶಾಲೆಯ ಒಳಗಿನ ಹೋಲಿಕೆ ಅದು. ಪೈಪೋಟಿ ಕಡಿಮೆ ಇರುವ ಶಾಲೆಯಲ್ಲಿ ಆ ಸಾಲಿಗೆ ಸೇರುವ ಹುಡುಗಿ, ಎಲ್ಲರೂ ರಾತ್ರಿ ಹಗಲು ಓದುವ ಶಾಲೆಯಲ್ಲಿ ಸೇರದೆ ಹೋಗಬಹುದು. 2005ರಲ್ಲೇ ವಾಲ್ ಸ್ಟ್ರೀಟ್ ಜರ್ನಲ್ ಪತ್ರಿಕೆ ಮೊಂಟಾ ವಿಸ್ಟಾ, ಲಿನ್‌ಬ್ರೂಕ್ ಬಗ್ಗೆ ದೊಡ್ಡ ವರದಿ ಬರೆದಿತ್ತು. ಓದಿನ ಪೈಪೋಟಿ ಅತಿಯಾಯಿತು ಅಂತ ಬಿಳಿಯರ ಮನೆಗಳು ಅಲ್ಲಿಂದ ದೂರ ಸರಿಯುತ್ತಿವೆ ಅಂತ. ಅದರಲ್ಲಿ ಬೇರೆ ಕಾರಣಗಳೂ ಇದ್ದವು. ಆದರೆ ಆ ಪೈಪೋಟಿ ಸುಳ್ಳಲ್ಲ.

ಒಬ್ಬ ಹುಡುಗಿಯ ನೆನಪಾಗುತ್ತದೆ. ಶಾಲೆಯ ಹೆಸರು ಬೇಡ. ಹನ್ನೊಂದನೇ ಕ್ಲಾಸಿನಲ್ಲಿ ಅವಳ ಅಪ್ಪ ಅವಳ ದರ್ಜೆಗಳ ಹಾಳೆ ಹಿಡಿದುಕೊಂಡು ಬಂದರು. ಎಪಿ ಕೆಮಿಸ್ಟ್ರಿ, ಎಪಿ ಕ್ಯಾಲ್ಕುಲಸ್, ಎಪಿ ಹಿಸ್ಟರಿ, ಎಪಿ ಕಂಪ್ಯೂಟರ್. ಎರಡು ಎ, ಎರಡು ಬಿ. ಆ ಎರಡು ಬಿ ಕಡೆಗೇ ಬೆರಳು ತೋರಿಸುತ್ತಿದ್ದರು. ಹುಡುಗಿ ಪಕ್ಕದಲ್ಲೇ ಕೂತಿದ್ದಳು. ಕಣ್ಣ ಕೆಳಗೆ ಕಪ್ಪು. ಎಷ್ಟು ಹೊತ್ತಿಗೆ ಮಲಗುತ್ತೀಯ ಅಂದೆ. ಒಂದೂವರೆ ಅಂದಳು. ಹಾಳೆಯಲ್ಲಿ ಒಂಬತ್ತನೇ ಕ್ಲಾಸಿನ ಸಾಲಿನಲ್ಲಿ ಚಿತ್ರಕಲೆ ಇತ್ತು, ಎ ಪ್ಲಸ್. ಹತ್ತನೇ ಕ್ಲಾಸಿನಿಂದ ಇಲ್ಲ. ಯಾಕೆ ಬಿಟ್ಟೆ ಅಂದರೆ, ಅದಕ್ಕೆ ಹೆಚ್ಚುವರಿ ಅಂಕ ಇಲ್ಲ ಅಂಕಲ್ ಅಂದಳು. ಆ ಅಪ್ಪ ಕೆಟ್ಟವರಲ್ಲ. ಆ ಬೀದಿಯಲ್ಲಿ ಮನೆ ಮಾಡಿದ ಸಾಲದ ಕಂತು ಅವರ ತಲೆ ಮೇಲೆ ಕೂತಿತ್ತು. ಅದರ ಭಾರ ಮಗಳಿಗೂ ಹೋಗುತ್ತಿತ್ತು. ಆ ದಿನದಿಂದ ನಾನು ಬಾಡಿಗೆಯ ಲೆಕ್ಕ ಕೇಳದೆ ಶಾಲೆಯ ಬಗ್ಗೆ ಸಲಹೆ ಕೊಟ್ಟಿಲ್ಲ.

ಹಾಗಂತ ಮೊಂಟಾ ವಿಸ್ಟಾ, ಲಿನ್‌ಬ್ರೂಕ್ ಕೆಟ್ಟವು ಅಂತಲ್ಲ. ಗಟ್ಟಿ ಶಾಲೆಗಳು. ಗಣಿತದ ಹುಚ್ಚು ಇರುವ ಮಗುವಿಗೆ ಅಲ್ಲಿ ಅಂಥದೇ ಹುಚ್ಚಿನ ಗೆಳೆಯರು ಸಿಗುತ್ತಾರೆ, ಆ ಸುಖವೇ ಬೇರೆ. ನನ್ನ ಮಗ ಅಂಥವನೇ. ಮಗಳು ಅಲ್ಲ.

ನಿಮ್ಮ ವಿಷಯಕ್ಕೆ ನೇರವಾಗಿ ಬರುತ್ತೇನೆ. ಮೊದಲು ಮಾಡಬೇಕಾದ ಕೆಲಸ, ನಿಮ್ಮ ಈಗಿನ ವಿಳಾಸ ಯಾವ ಡಿಸ್ಟ್ರಿಕ್ಟಿಗೆ ಸೇರುತ್ತದೆ ಅಂತ ನೋಡುವುದು. ಊರಿನ ಹೆಸರು ನಂಬಬೇಡಿ. ಸಾಂತಾ ಕ್ಲಾರಾ ಊರಿನೊಳಗೇ ಕ್ಯುಪರ್ಟಿನೊ ಯೂನಿಯನ್‌ನ ಐಸೆನ್‌ಹೋವರ್ ಪ್ರಾಥಮಿಕ ಶಾಲೆ ಇದೆ. ಆ ಭಾಗದ ಮನೆಗಳು ಹೈಸ್ಕೂಲಿಗೆ ಫ್ರೀಮಾಂಟ್ ಯೂನಿಯನ್‌ಗೇ ಬರುತ್ತವೆ. ಲಿನ್‌ಬ್ರೂಕ್ ಇರುವುದು ಸ್ಯಾನ್ ಹೊಸೆ ಊರಿನಲ್ಲಿ. ಸನಿವೇಲ್ ವಿಳಾಸದ ಕೆಲವು ಬೀದಿಗಳು ಸಾಂತಾ ಕ್ಲಾರಾ ಯೂನಿಫೈಡ್ ಅನ್ನುವ ಬೇರೆ ಡಿಸ್ಟ್ರಿಕ್ಟಿಗೆ ಹೋಗುತ್ತವೆ. ಡಿಸ್ಟ್ರಿಕ್ಟಿನ ವೆಬ್‌ಸೈಟಿನಲ್ಲಿ ಮನೆ ನಂಬರ್ ಹಾಕಿ ನೋಡಿ, ಆಫೀಸಿಗೆ ಫೋನ್ ಮಾಡಿಯೂ ಖಚಿತ ಮಾಡಿಕೊಳ್ಳಿ. ಬಾಡಿಗೆ ಜಾಹೀರಾತಿನಲ್ಲಿ ಬರೆದದ್ದನ್ನು ಒಪ್ಪಬೇಡಿ.

ನಿಮ್ಮ ಮನೆ ಸಾಂತಾ ಕ್ಲಾರಾ ಯೂನಿಫೈಡ್‌ನಲ್ಲಿದ್ದರೆ, ಅದೂ ಬೇಸಿಕ್ ಏಡ್ ಡಿಸ್ಟ್ರಿಕ್ಟೇ. ಆಸ್ತಿ ತೆರಿಗೆ ಅಲ್ಲೂ ಚೆನ್ನಾಗಿ ಬರುತ್ತದೆ. ಅಂದರೆ ದುಡ್ಡಿನ ದೃಷ್ಟಿಯಿಂದ ನೀವು ಬಡ ಡಿಸ್ಟ್ರಿಕ್ಟಿನಲ್ಲಿ ಸಿಕ್ಕಿಕೊಂಡಿಲ್ಲ. ಅಲ್ಲೇ ಇದ್ದು, ಬಾಡಿಗೆಯಲ್ಲಿ ಉಳಿದದ್ದನ್ನು ಮಗಳ ಕಾಲೇಜಿಗೆ ಎತ್ತಿಟ್ಟರೂ ನಾನು ಒಪ್ಪುತ್ತೇನೆ. ಫ್ರೀಮಾಂಟ್ ಯೂನಿಯನ್‌ಗೇ ಬರಬೇಕು ಅನ್ನಿಸಿದರೆ ಹೋಮ್‌ಸ್ಟೆಡ್, ಫ್ರೀಮಾಂಟ್, ಕ್ಯುಪರ್ಟಿನೊ ಈ ಮೂರರ ವ್ಯಾಪ್ತಿಯಲ್ಲಿ ಮನೆ ನೋಡಿ. ಅಪಾರ್ಟ್‌ಮೆಂಟುಗಳು ಆ ಕಡೆ ಜಾಸ್ತಿ. ಈಗಲೇ ಓಡಬೇಕಾಗಿಯೂ ಇಲ್ಲ. ಎಂಟನೇ ಕ್ಲಾಸ್ ಈಗಿನ ಶಾಲೆಯಲ್ಲೇ ಮುಗಿಸಲಿ. ಒಂಬತ್ತನೇ ಕ್ಲಾಸಿನ ನೋಂದಣಿ ಯಾವಾಗ ಶುರು ಅಂತ ಎಂಟನೇ ಕ್ಲಾಸಿನ ಮಧ್ಯದಲ್ಲೇ ವಿಚಾರಿಸಿ, ಕರಾರು ಅದಕ್ಕೆ ಸರಿಯಾಗಿ ಮಾಡಿಕೊಳ್ಳಿ.

ಒಂದು ಎಚ್ಚರ. ಸ್ನೇಹಿತರ ಮನೆ ವಿಳಾಸ ಕೊಟ್ಟು ಸೇರಿಸಿಬಿಡಿ ಅಂತ ಯಾರಾದರೂ ಸಲಹೆ ಕೊಟ್ಟೇ ಕೊಡುತ್ತಾರೆ. ದಯವಿಟ್ಟು ಬೇಡ. ಇಲ್ಲಿ ವಿಳಾಸದ ಪರಿಶೀಲನೆ ಬಲು ಗಟ್ಟಿ. ಕರಾರು ಪತ್ರ, ಕರೆಂಟ್ ಬಿಲ್ ಕೇಳುತ್ತಾರೆ. ಅನುಮಾನ ಬಂದರೆ ಮನೆಗೂ ಬರುತ್ತಾರೆ. ಬೆಳಿಗ್ಗೆ ಬಾಗಿಲು ತಟ್ಟಿ, ಹುಡುಗನ ಕೋಣೆ ಯಾವುದು, ಬಟ್ಟೆ ಎಲ್ಲಿದೆ ಅಂತ ಕೇಳಿದ ಪ್ರಸಂಗ ನಮ್ಮವರದೇ ಒಂದು ಮನೆಯಲ್ಲಿ ಆಗಿದೆ. ವರ್ಷದ ನಡುವೆ ಆ ಹುಡುಗ ಶಾಲೆ ಬಿಡಬೇಕಾಯಿತು. ತಪ್ಪು ದೊಡ್ಡವರದು, ಗೆಳೆಯರ ಮುಂದೆ ತಲೆ ತಗ್ಗಿಸಿದ್ದು ಅವನು.

ಕನ್ನಡದ ಒಂದು ಮಾತೂ ಸೇರಿಸುತ್ತೇನೆ. ಇಂಗ್ಲಿಷ್ ಜೊತೆ ಇನ್ನೊಂದು ಭಾಷೆಯಲ್ಲಿ ಓದು, ಬರಹ, ಮಾತು ಬಲ್ಲ ಮಕ್ಕಳ ಹೈಸ್ಕೂಲ್ ಡಿಪ್ಲೊಮಾದ ಮೇಲೆ ಕ್ಯಾಲಿಫೋರ್ನಿಯಾ ರಾಜ್ಯ ದ್ವಿಭಾಷಾ ಮುದ್ರೆ ಹಾಕುತ್ತದೆ. 2012ರಿಂದ ಇದು ಇದೆ. ಭಾಷೆ ಯಾವುದಾದರೂ ಆಗಬಹುದು, ಅದನ್ನು ಒಪ್ಪಿದ ಪರೀಕ್ಷೆಯಲ್ಲಿ ತೋರಿಸಬೇಕು. ಕನ್ನಡಕ್ಕೂ ಪರೀಕ್ಷೆ ಇದೆ. ಕನ್ನಡ ಕೂಟದ ವಾರಾಂತ್ಯದ ತರಗತಿಗೆ ಮಗಳನ್ನು ಕಳಿಸುತ್ತಿದ್ದರೆ ನಿಲ್ಲಿಸಬೇಡಿ. ಹೈಸ್ಕೂಲ್ ಬಂತು ಅಂತ ಮೊದಲು ಬಿಡಿಸುವುದೇ ಅದನ್ನು. ಹೊಸ ಶಾಲೆಯ ಕೌನ್ಸೆಲರನ್ನು ಮೊದಲ ವರ್ಷವೇ ಈ ಮುದ್ರೆಯ ಬಗ್ಗೆ ಕೇಳಿಡಿ.

ಮುಂದಿನ ಚಳಿಗಾಲದಲ್ಲಿ ಶಾಲೆಗಳು ಎಂಟನೇ ಕ್ಲಾಸಿನವರಿಗೆ ಮಾಹಿತಿ ಸಂಜೆ ಇಟ್ಟುಕೊಳ್ಳುತ್ತವೆ. ಮಗಳನ್ನು ಕರೆದುಕೊಂಡು ಎರಡು ಮೂರು ಕಡೆ ಹೋಗಿ ಬನ್ನಿ. ಸಭಾಂಗಣದ ಭಾಷಣಕ್ಕಿಂತ ಲ್ಯಾಬ್, ವರ್ಕ್‌ಶಾಪ್, ಸಂಗೀತದ ಕೋಣೆ, ಆಟದ ಮೈದಾನ ನೋಡಿ. ಎಲ್ಲಿ ಅವಳು ನಿಮ್ಮ ಕೈ ಬಿಟ್ಟು ಮುಂದೆ ಹೋಗಿ ಏನಾದರೂ ಮುಟ್ಟಿ ನೋಡುತ್ತಾಳೆ ಅಂತ ಗಮನಿಸಿ. ಅಲ್ಲಿನ ಮೇಷ್ಟ್ರನ್ನು ಮಾತಾಡಿಸಿ. ಇಲ್ಲಿ ಎಷ್ಟು ವರ್ಷದಿಂದ ಇದ್ದೀರಿ, ಮಕ್ಕಳು ಹಿಂದಿನ ವರ್ಷ ಏನು ಮಾಡಿದರು ಅಂತ ಕೇಳಿ.

ನಿಮ್ಮ ಪತ್ರವನ್ನು ಮತ್ತೊಮ್ಮೆ ಓದಿದೆ. ಬಾಡಿಗೆ ಇದೆ, ಸ್ನೇಹಿತರ ಮಾತಿದೆ, ಸ್ಟೀವ್ ಜಾಬ್ಸ್ ಇದ್ದಾರೆ. ಮಗಳಿಗೆ ಏನು ಇಷ್ಟ ಅಂತ ಬರೆದಿಲ್ಲ. ಅದನ್ನು ಅವಳ ಕೈಯಲ್ಲೇ ನಾಲ್ಕು ಸಾಲು ಬರೆಸಿ ಕಳಿಸಿ. ಈ ಐದು ಶಾಲೆ, ನಿಮ್ಮ ಸಾಂತಾ ಕ್ಲಾರಾ ಶಾಲೆಗಳು, ಇಷ್ಟರಲ್ಲಿ ಅವಳಿಗೆ ಎಲ್ಲಿ ಏನು ಸಿಗುತ್ತದೆ ಅಂತ ಅವಳಿಗೇ ಉತ್ತರ ಬರೆಯುತ್ತೇನೆ.